ಮೂರನೇ ಹುಡೇವಿನ ಮಣ್ಣು

ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ! ಜವಳಗೇರಾದ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತು, ಹತ್ತು ಜನ ಕೇಳುವ ಹಾಗೆ ಹೀಗೆಂದು ಹೇಳಿದವಳು ನಾನು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಾಲುವೆ ಬದಿಯ ನಮ್ಮ ಭತ್ತದ ಗದ್ದೆಗೆ ನೀರು ಕಟ್ಟಿದವಳು ನಾನೇ. ಮೇಲಿನವರು ಯಾವಾಗ ಗೇಟು ಎತ್ತುತ್ತಾರೆ, ಯಾವಾಗ ಇಳಿಸುತ್ತಾರೆ, ಗೇಟು ಕಾಯುವ ಲೈನ್‌ಮನ್ ಯಾರ ಮನೆಯಲ್ಲಿ ಕೋಳಿ ತಿಂದರೆ ಯಾರ ಗದ್ದೆಗೆ ನೀರು ತಿರುಗುತ್ತದೆ, ಎಲ್ಲವನ್ನೂ ಕಾಲುವೆಯ ಬಣ್ಣ ನೋಡಿಯೇ ಹೇಳಿಬಿಡುತ್ತೇನೆ. ಅಂಥ ನಾನು ಸಮುದ್ರಕ್ಕೆ ಹೆದರುವುದುಂಟೆ?

"ಸಮುದ್ರ ಅಂದ್ರೇನಬೇ, ದೊಡ್ಡದೊಂದು ಕೆರಿ! ನಾ ಕರಕೊಂಡು ಹೋಗ್ತೀನಿ, ನಾನ ಕರಕೊಂಡು ಬರ್ತೀನಿ" ಎಂದು ಕನಕಮ್ಮನಿಗೆ ಮಾತು ಕೊಟ್ಟೆ.

ಕನಕಮ್ಮ ನನ್ನ ನೆಗೆಣ್ಣಿ. ನನ್ನ ಮೈದುನ ದ್ಯಾವಪ್ಪನ ಹೆಂಡತಿ. ನಾವು ಹೊರಟದ್ದು ಸಮುದ್ರ ನೋಡುವ ಶೋಕಿಗಲ್ಲ. ಅವರ ಮಗ ದುರುಗೇಶ ಕಡಲ ದಂಡೆಯ ಒಂದು ಊರಿನಲ್ಲಿ ಮೀನು ಹಿಡಿಯುವ ಬೋಟಿನ ಕೆಲಸಕ್ಕೆ ಹೋಗಿದ್ದ. ಹೋದ ವರ್ಷ ದಸರೆಯ ಹೊತ್ತಿಗೆ ಬೋಟು ಮಗುಚಿತು. ಉಳಿದವರೆಲ್ಲ ದಂಡೆಗೆ ಬಂದರು. ನಮ್ಮ ಹುಡುಗ ಬರಲಿಲ್ಲ. ಹೆಣವೂ ಬರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದ ಬದುವಿನ ಮೇಲೆ ಹಿರಿಯರ ಪಕ್ಕದಲ್ಲಿ ಮಣ್ಣಿಗಿಡುತ್ತೇವೆ. ಇಡಲು ಏನೂ ಇಲ್ಲದಿದ್ದರೆ? ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಬಿದ್ದ ಜಾಗಕ್ಕೆ ಹೋಗಬೇಕು, ಹೆಸರು ಹಿಡಿದು "ಮನಿಗಿ ಹೋಗೂಣು ಬಾ" ಎಂದು ಕರೆಯಬೇಕು, ಅಲ್ಲಿಯ ಹಿಡಿ ಮಣ್ಣನ್ನು ಅವನು ಉಟ್ಟ ಬಟ್ಟೆಯಲ್ಲಿ ಕಟ್ಟಿಕೊಂಡು ಬರಬೇಕು. ದಾರಿಯಲ್ಲಿ ಎಲ್ಲಿಯೂ ಕೆಳಗೆ ಇಳಿಸಬಾರದು. ಇಳಿಸಿದರೆ ಅವನು ಅಲ್ಲಿಯೇ ಉಳಿದುಬಿಡುತ್ತಾನೆ. ಕರೆಯುವುದು ಕೂಡ ಒಂದೇ ಸಲ. ಸತ್ತವರು ಎರಡನೆಯ ಕರೆಗೆ ಏಳುವುದಿಲ್ಲ.

ಒಂದು ವರ್ಷ ಕನಕಮ್ಮ ಇದಕ್ಕೆ ಒಪ್ಪಲಿಲ್ಲ. "ಸತ್ತಿದ್ರ ಸಿಗ್ತಿದ್ದ" ಎನ್ನುವುದು ಅವಳ ವಾದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಈ ಸಲದ ದಸರೆ ಬಂದಾಗ ತಾನೇ ನಮ್ಮ ಮನೆಗೆ ಬಂದು "ಹೋಗೂಣಕ್ಕಾ" ಎಂದಳು. ದ್ಯಾವಪ್ಪ ಅಂದೇ ಬದುವಿನಲ್ಲಿ ಕುಣಿ ತೋಡಿಸಿದ. ಟೊಂಕ ಮುರಿದುಕೊಂಡು ಕೋಲು ಹಿಡಿದಿರುವ ಮನುಷ್ಯ, ಪ್ರಯಾಣ ಮಾಡಲಾರ. ಕುಣಿಯ ಪಕ್ಕ ಕುಳಿತು ಅದರೊಳಗೆ ನಾಯಿ ಇಳಿಯದ ಹಾಗೆ ಕಾಯುತ್ತಿದ್ದ.

"ಅತ್ತಿಗೆಮ್ಮಾ, ಉಸುಕು ತರಬ್ಯಾಡ್ರಿ" ಎಂದ. "ಉಸುಕು ಮುಷ್ಟ್ಯಾಗ ನಿಂದ್ರಂಗಿಲ್ಲ, ಕುಣ್ಯಾಗ ಮನಷಾ ಹ್ಯಾಂಗ ನಿಂತಾನು? ಮಣ್ಣು ತರ್ರಿ."

"ಮಣ್ಣ ತರ್ತೀನಪಾ. ನೀ ಫಿಕರ್ ಬಿಡು" ಎಂದೆ. ಬಿಟ್ಟನೋ ಇಲ್ಲವೋ, ನಾನಂತೂ ಹೊರಟೆ!

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ಮರೆಯಲಿ ಎಂದು ದೇವರಿಗೆ ಬೇಡಿಕೊಂಡಿದ್ದೇನೆ. ದುರುಗೇಶ ಬಾಡಿಗೆಗಿದ್ದ ಮನೆಯ ಶಂಶಾದ್‌ಬೀ ನಮ್ಮ ಮಸ್ಕಿಯವಳೇ, ಮದುವೆಯಾಗಿ ಕಡಲ ದಂಡೆ ಸೇರಿದವಳು. ನಮ್ಮ ಮಾತು ಕೇಳಿದ್ದೇ ತಡ, ಒಣಮೀನಿನ ಬುಟ್ಟಿ ಬಿಟ್ಟು ಎದ್ದು ಬಂದು ಕನಕಮ್ಮನ ಕೈ ಹಿಡಿದುಕೊಂಡಳು. ಅವಳ ಮಗ ದಾನಿಷ್ ಅದೇ ಬೋಟಿನಲ್ಲಿದ್ದವನು. ಆ ಹೊತ್ತಿಗೆ ಬಂದರಿನಲ್ಲಿ ಬಲೆ ಹೊಲಿಯಲು ಹೋಗಿದ್ದ.

"ಮೂರನೇ ಬುರುಜಿನ ಬುಡಕ್ಕ ಬೋಟು ಬಡೀತಕ್ಕಾ" ಎಂದಳು ಶಂಶಾದ್‌ಬೀ. "ದಂಡಿ ಹಿಡದು ನಡದ್ರ ಎರಡು ಬುರುಜು ದಾಟಿ ಅದು ಸಿಗತೈತಿ. ಆದ್ರ ಮಧ್ಯಾಹ್ನದ ಮ್ಯಾಲೆ ನೀರು ಏರತೈತಿ. ದಾನಿಷ್ ಬರ್ಲಿ, ಅಂವ ಕರಕೊಂಡು ಹೋಗ್ತಾನ."

"ಎಷ್ಟೊತ್ತಿಗಿ ಬಿಡ್ತಾರ?" ಎಂದು ಕೇಳಿದೆ.

"ಏನ ಬಿಡ್ತಾರ?"

"ನೀರಬೇ! ಗೇಟು ಎಷ್ಟೊತ್ತಿಗಿ ಎತ್ತತಾರ?"

"ಸಮುದ್ರಕ್ಕ ಗೇಟು ಎಲ್ಲೈತಕ್ಕಾ? ತಾನಾ ಬರತೈತಿ, ತಾನಾ ಹೋಗತೈತಿ."

ನಾನು ಕನಕಮ್ಮನಿಗೆ ಕಣ್ಣು ಮಿಟುಕಿಸಿದೆ. ತಾನಾಗಿಯೇ ಬರುತ್ತದಂತೆ! ನಮ್ಮ ಲೈನ್‌ಮನ್ನೂ ಇದನ್ನೇ ಹೇಳುತ್ತಾನೆ, ತಿಂದ ಕೋಳಿ ಅರಗುವವರೆಗೆ. ನೀರು ಯಾರ ಅಪ್ಪಣೆಯೂ ಇಲ್ಲದೆ ಏರಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮಸ್ಕಿ ಬಿಟ್ಟು ಇಷ್ಟು ವರ್ಷವಾದರೂ ಇವಳಿಗೆ ನೀರಿನ ವ್ಯವಹಾರ ತಿಳಿದಿಲ್ಲವಲ್ಲ ಎಂದು ಮರುಗಿ, ದಾನಿಷ್‌ನನ್ನು ಕಾಯದೆ ಕನಕಮ್ಮನನ್ನು ಎಬ್ಬಿಸಿಕೊಂಡು ನಡೆದೆ.

ಬುರುಜು ಎಂದರೆ ಮತ್ತೇನಲ್ಲ, ನಮ್ಮ ಕಡೆಯ ಹಳೆಯ ಊರುಗಳಲ್ಲಿ ಇರುವಂಥ ಹುಡೇವು. ಅದೇ ದುಂಡನೆಯ ಮೈ, ಅದೇ ದಪ್ಪ ಕಲ್ಲು, ಬಂದೂಕು ತೂರಿಸುವ ಅದೇ ಕಿಂಡಿ. ಊರಿನ ಹುಡೇವು ಹೊಲ ನೋಡುತ್ತ ನಿಂತಿರುತ್ತದೆ, ಇದು ನೀರು ನೋಡುತ್ತ ನಿಂತಿತ್ತು. ಅಷ್ಟೇ ಫರಕು.

ಮೊದಲನೆಯದರ ಮುಂದೆ ಮದುವೆಯಾಗಲಿರುವ ಹುಡುಗ ಹುಡುಗಿಯನ್ನು ನಿಲ್ಲಿಸಿ ಒಬ್ಬ ಫೋಟೋ ಹಿಡಿಯುತ್ತಿದ್ದ. "ಅಜ್ಜೀ, ಸ್ವಲ್ಪ ಆಚೆ ಹೋಗಿ, ಫೋಟೋದಲ್ಲಿ ಬರ್ತೀರಿ" ಎಂದ. ಕನಕಮ್ಮ ಆಚೆ ಹೋಗಲಿಲ್ಲ. ನೇರವಾಗಿ ಹುಡುಗಿಯ ಬಳಿಗೆ ಹೋಗಿ ಅವಳ ಗದ್ದ ಮುಟ್ಟಿ ಹೇಳಿದಳು:

"ಚೆಂದ ಬಾಳ್ರಿ ನನ್ನವ್ವಾ. ಆದ್ರ ಇಂವನ್ನ ನೀರಿನ ಕೆಲಸಕ್ಕ ಕಳಸಬ್ಯಾಡ."

ಹುಡುಗಿಯ ನಗು ಅಲ್ಲಿಗೇ ನಿಂತಿತು. ಫೋಟೋದವನ ಕೆಲಸವೂ ನಿಂತಿತು! ನಾನು ಕನಕಮ್ಮನ ರಟ್ಟೆ ಹಿಡಿದು ಎಳೆದುಕೊಂಡು ನಡೆದೆ.

ಎರಡನೆಯ ಹುಡೇವಿನ ನೆರಳಲ್ಲಿ ಆಡುಗಳು ಮಲಗಿದ್ದವು. ನಾವೂ ಸ್ವಲ್ಪ ನಿಂತೆವು.

"ಇಲ್ಲಿ ಯಾಕ ಕಟ್ಯಾರಕ್ಕಾ ಇವನ್ನ?"

"ದಂಡು ಬರಬಾರದಂತ."

"ಎಲ್ಲಿಂದ?"

"ಅಲ್ಲಿಂದ" ಎಂದು ನೀರಿನ ಕಡೆ ಕೈ ತೋರಿಸಿದೆ.

"ಬಂದು ಏನ ಒಯ್ತಿದ್ರು? ಉಪ್ಪೇನು?"

ಇದಕ್ಕೆ ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಹುಡೇವಿನ ತುದಿಯವರೆಗೆ ನೋಡಿ, "ನನ್ನ ಮಗನ್ನ ಒಯ್ಯೋ ಹೊತ್ತಿಗಿ ಇದರ ಮ್ಯಾಲೆ ಯಾರೂ ಇರಲಿಲ್ಲೇನು?" ಎಂದಳು.

ಆಡುಗಳು ಕೂಡ ಎದ್ದು ನಿಂತವು. ನಾನು ಮಾತು ಬದಲಿಸಲು ಕಾಲಿಗೆ ಕಲ್ಲು ಚುಚ್ಚಿತೆಂದು ಸುಳ್ಳು ಹೇಳಿದೆ.

ಮೂರನೆಯದು ದಂಡೆಯ ಮೇಲಿರಲಿಲ್ಲ. ನೀರಿನ ಕಡೆಗೆ ಚಾಚಿದ ಒಂದು ಕರಿಬಂಡೆಯ ಮೇಲೆ ಒಂಟಿಯಾಗಿ ನಿಂತಿತ್ತು. ದಂಡೆಯಿಂದ ಅಲ್ಲಿಯವರೆಗೆ ಒದ್ದೆ ಉಸುಕಿನ ದಾರಿ, ಎತ್ತಿನಗಾಡಿ ಹೋಗುವಷ್ಟು ಅಗಲ.

"ಇಲ್ಲಿಯ ನೀರೆಲ್ಲಾ ಎತ್ತಾಗ ಹೋತಕ್ಕಾ?" ಎಂದು ಕನಕಮ್ಮ ಕೇಳಿದಳು.

ಆಹಾ! ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? "ಈಗ ಬ್ಯಾರೆಯವರ ಪಾಳಿ ನಡದೈತಿ. ಇದು ಟೇಲ್‌ಎಂಡ್. ಕಡೀ ಭಾಗಕ್ಕ ನೀರು ಯಾವಾಗ ಹೊತ್ತಿಗಿ ಸರಿಯಾಗಿ ಬಂದೈತಿ ಹೇಳು? ನಮ್ಮ ಗದ್ದಿ ನೋಡಿಲ್ಲೇನು! ಸಂಜೀತನಾ ಬರಂಗಿಲ್ಲ, ನಡಿ."

ಹುಡೇವಿನ ಬುಡದಲ್ಲಿ ಬಂಡೆಯ ಸೀಳಿನ ತುಂಬ ಕಪ್ಪು ಕೆಸರಿತ್ತು. ಉಸುಕಲ್ಲ, ಮಣ್ಣು! ಬೆಣ್ಣೆಯ ಹಾಗೆ ಮೆತ್ತಗೆ, ಅರಗಿನ ಹಾಗೆ ಅಂಟು. ಉಪ್ಪಿಲ್ಲದಿದ್ದರೆ ಭತ್ತದ ಸಸಿ ನಾಟಿ ಮಾಡಬಹುದಿತ್ತು. ಕನಕಮ್ಮ ಅಲ್ಲಿ ಮಂಡಿಯೂರಿ ನೀರಿನ ಕಡೆ ಮುಖ ಮಾಡಿದಳು.

"ದುರುಗೇಶಾ" ಎಂದಳು. ಕೂಗಲಿಲ್ಲ. ಊಟಕ್ಕೆ ಕರೆಯುವ ದನಿ. "ಮನಿಗಿ ಹೋಗೂಣು ಬಾರೋ ಯಪ್ಪಾ. ನಿಮ್ಮಪ್ಪ ಕುಂತಾನ. ದೊಡ್ಡವ್ವನೂ ಬಂದಾಳ ನೋಡು."

ಹಾಗೆ ಅವಳು ಕರೆಯುವಾಗ ನಾನು ಅದೇ ಸೀಳಿನ ಕೆಸರಿನಲ್ಲಿ ದೊಪ್ಪನೆ ಕುಳಿತುಬಿಟ್ಟೆ. ಅವಳು ನನ್ನ ಪಕ್ಕದಲ್ಲಿಯೇ ಬೊಗಸೆಯಿಂದ ಮಣ್ಣು ತೆಗೆದು, ದುರುಗೇಶನ ಹಳೆಯ ಲುಂಗಿಯ ತುಂಡಿನಲ್ಲಿ ಕಟ್ಟಿದಳು. ಕಟ್ಟಿದ ಗಂಟು ಎರಡು ಸಲ ಸಡಿಲಾಯಿತು.

"ಕೊಡಿಲ್ಲೆ" ಎಂದು ಮೂಟೆಯನ್ನು ಕಸಿದುಕೊಂಡೆ. "ನಿನ್ನ ಕೈಯಾಗ ಜೀವ ಇಲ್ಲ. ಎಲ್ಲೆರ ಬೀಳಿಸೀದಿ!"

ಎದ್ದು ತಿರುಗಿ ನೋಡಿದರೆ ದಾರಿ ಇಲ್ಲ! ಬಂದ ಉಸುಕಿನ ಮೇಲೆ ನೀರು ಹರಿಯುತ್ತಿತ್ತು.

"ಅಕ್ಕಾ, ನೀರು!"

"ಬಿಟ್ಟಾರ" ಎಂದೆ ಗಂಭೀರವಾಗಿ. "ಯಾರೋ ದೊಡ್ಡವರ ಹೊಲಕ್ಕ ಕಳ್ಳ ಪಾಳಿ ಬಿಟ್ಟಾರ. ಈಗ ಬಂದ್ ಮಾಡ್ತಾರ, ನಿಂದ್ರು."

ಗೇಜು ಇಲ್ಲದೆ ನೀರು ಅಳೆಯುವುದು ಹೇಗೆ ಎಂಬುದೂ ನನಗೆ ಗೊತ್ತು. ಒಂದು ಕಡ್ಡಿ ಹುಡುಕಿ ನೀರಿನ ಅಂಚಿನಲ್ಲಿ ನೆಟ್ಟೆ. ಕಡ್ಡಿಯ ಬುಡ ಮುಳುಗಿದರೆ ಏರುತ್ತಿದೆ ಎಂದು, ನೀರು ಬುಡ ಬಿಟ್ಟು ಸರಿದರೆ ಇಳಿಯುತ್ತಿದೆ ಎಂದು ಲೆಕ್ಕ. ಸ್ವಲ್ಪ ಹೊತ್ತಿಗೆ ಕನಕಮ್ಮ ಕೇಳಿದಳು:

"ಕಡ್ಡಿ ಎಲ್ಲೈತಕ್ಕಾ?"

"ಗಾಳಿಗಿ ಬಿದ್ದಿರಬೇಕು."

"ಗಾಳಿ ಎಲ್ಲೈತಿ?"

ಉತ್ತರ ಕೊಡುವಷ್ಟರಲ್ಲಿ ನೀರೇ ಬಂದು ಪಾದ ಮುಟ್ಟಿತು. ಇಬ್ಬರೂ ಬಿದ್ದು ಎದ್ದು ಹುಡೇವಿನ ಒಳಗೆ ನುಗ್ಗಿ ಮೆಟ್ಟಿಲು ಹತ್ತಿದೆವು. ಮೇಲೆ ನಿಂತು ನೋಡಿದರೆ ಸುತ್ತಲೂ ನೀರು. ದಂಡೆ ದೂರ ಸರಿದು ಹೋಗಿತ್ತು. ಅಲೆ ಬಂದು ಬಡಿದರೆ ಹುಡೇವು ಹೊಟ್ಟೆಯೊಳಗೆ ಗುಡುಗುತ್ತಿತ್ತು. ಆಗ ನನ್ನ ಗಾಂಭೀರ್ಯ ಬಿಟ್ಟುಹೋಯಿತು. ಕಿಂಡಿಗೆ ಬಾಯಿಟ್ಟು ಒದರಿದೆ:

"ಗೇಟು ಇಳಸ್ರಲೇ! ಯಾವನಲೇ ಅಂವ ಎತ್ತಿದಾಂವ! ಇಬ್ಬರು ಹೆಣ್ಮಕ್ಕಳು ಅದೀವಿ! ಗೇಟು ಇಳಸ್ರಲೇ ಭಾಡ್ಯಾಗಳಿರಾ!"

ಅರಬ್ಬೀ ಸಮುದ್ರ ನನ್ನ ಮಾತು ಕೇಳಲಿಲ್ಲ. ನೀರು ಬಾಗಿಲ ಹೊಸ್ತಿಲು ದಾಟಿ ಕೆಳಗಿನ ಮೆಟ್ಟಿಲು ನುಂಗಿತು. ಇನ್ನೊಂದು ನುಂಗಿತು. ನನ್ನ ಬಾಯಿಗೆ ದೇವರ ಹೆಸರು ಬರಲಿಲ್ಲ.

"ದುರುಗೇಶಾ! ಬಾರೋ ತಮ್ಮಾ, ನಿನ್ನ ದೊಡ್ಡವ್ವನ್ನ ಉಳಿಸೋ!"

ಕನಕಮ್ಮ ತನ್ನ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಯಾರನ್ನ ಕರೀತಿ? ಅಂವ ಮೂಟ್ಯಾಗ ಅದಾನ. ನಿನ್ನ ಕೈಯಾಗ."

ಕೈ ತೆಗೆದು, ಕೆಳಗಿನ ನೀರು ನೋಡುತ್ತ ಮೆಲ್ಲಗೆ ಕೇಳಿದಳು: "ಅಂವನೂ ಹಿಂಗ ಒದರಿರಬೇಕು, ಅಲ್ಲಕ್ಕಾ?"

ನಾನು ಮೂಟೆಯನ್ನು ಎದೆಗೆ ಒತ್ತಿಕೊಂಡೆ.

ನನ್ನ ಒದರಾಟ ಗೇಟಿನವನಿಗೆ ಕೇಳದಿದ್ದರೂ ದಂಡೆಯವರಿಗೆ ಕೇಳಿತ್ತು. ಹೊತ್ತು ಮುಳುಗುವ ಮೊದಲು ದಾನಿಷ್ ಒಂದು ಚಿಕ್ಕ ದೋಣಿಯಲ್ಲಿ ಬಂದು ಬಾಗಿಲಿಗೆ ನಿಲ್ಲಿಸಿದ. ಮೈಯೆಲ್ಲ ಬೆವತಿತ್ತು.

"ದೊಡ್ಡವ್ವಾ, ಯಾಕ ಒದರಿದ್ರಿ? ಸುಮ್ನ ಮ್ಯಾಲೆ ನಿಂತಿದ್ರ ಸಾಕಿತ್ತು. ಅಲ್ಲೀತನಾ ನೀರು ಯಾವತ್ತೂ ಬರಂಗಿಲ್ಲ. ಇನ್ನ ಸ್ವಲ್ಪ ಹೊತ್ತಿಗಿ ತಾನಾ ಇಳೀತಿತ್ತು."

ಅಂದರೆ ನೋಡಿ! ನೀರು ಇಳಿಯುತ್ತದೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ನನ್ನ ಮಾತನ್ನು ಲೋಕದಲ್ಲಿ ಯಾರಾದರೂ ನಂಬಬೇಕಿತ್ತು. ಕನಕಮ್ಮ ನಂಬಿದ್ದಳು, ನಾನೇ ನಂಬಲಿಲ್ಲ!

ಕನಕಮ್ಮ ಮೊದಲು ಇಳಿದಳು. ನನಗೆ ಕಾಲು ಬರಲಿಲ್ಲ. ದಾನಿಷ್ ನನ್ನನ್ನು ಭತ್ತದ ಚೀಲದ ಹಾಗೆ ಎತ್ತಿ ಹಲಗೆಯ ಮೇಲೆ ಬೋರಲು ಹಾಕಿದ. ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ, ಮುಂದೆ ಚಾಚಿದ ಕೈಯಲ್ಲಿ ಮೂಟೆ. ದೋಣಿ ಬಾಗಿಲು ಬಿಟ್ಟಿತು. ಒಂದು ಅಲೆ ಬಂದು ದೋಣಿಯನ್ನು ಎತ್ತಿ ಒಗೆಯಿತು. ಜೀವ ಎಂಥ ನಾಚಿಕೆಗೆಟ್ಟದ್ದು ಎಂದರೆ, ನನ್ನ ಎರಡೂ ಕೈಗಳು ನನ್ನನ್ನು ಕೇಳದೆ ಹಲಗೆಯನ್ನು ಹಿಡಿದುಕೊಂಡವು. ಎರಡೂ ಕೈ!

ಮೂಟೆ ನೀರಿನಲ್ಲಿ ಒಂದು ಸಲ ಉರುಳಿ ಮುಳುಗಿತು.

ದಾನಿಷ್ ಹುಟ್ಟು ಬಿಟ್ಟು ಹೆಗಲವರೆಗೆ ಕೈ ಮುಳುಗಿಸಿ ತಡಕಾಡಿದ. ಬಹಳ ಹೊತ್ತು ತಡಕಾಡಿದ. "ಅವತ್ತೂ ಹಿಂಗ" ಎಂದ. "ಅವತ್ತೂ ಕೈಗೆ ಸಿಗಲಿಲ್ಲ." ಮತ್ತೆ ಹುಟ್ಟು ಹಾಕಿದ. ಕನಕಮ್ಮ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಶಂಶಾದ್‌ಬೀ ಮನೆ ಮುಟ್ಟಿದಾಗ ನಾನೇ ಬಾಯಿ ಬಿಟ್ಟೆ: "ನಾಳೆ ನೀರು ಇಳದಾಗ ಮತ್ತ ಹೋಗೂಣು ಕನಕೀ. ಈ ಸಲ ನೀನ ಹಿಡಕೊಳ್ಳುವಂತಿ."

"ಏನಂತ ಹೋಗೋದು? ಮನಿಗಿ ಬಾ ಅಂತ ಎಬ್ಬಿಸಿ, ಅಲ್ಲೇ ಕೈಬಿಟ್ಟು ಬಂದೀವಿ. ಮತ್ತ ಕರದ್ರ ನಂಬ್ಯಾನೇನು?" ಎಂದು ಗೋಡೆಗೆ ಮುಖ ಮಾಡಿದಳು. ಊರಲ್ಲಿ ಕುಣಿ ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕದಲ್ಲಿ ದ್ಯಾವಪ್ಪ ಕುಳಿತಿದ್ದ. ಅವನಿಗೆ ಏನು ಹೇಳುವುದು?

ಶಂಶಾದ್‌ಬೀ ಕಣ್ಣೊರೆಸಿಕೊಂಡು ನನಗೊಂದು ಮಣೆ ತಂದಿಟ್ಟಳು. "ನಡಗಾಕತ್ತೀರಿ. ಕೂಡ್ರಿ ಅಕ್ಕಾ, ಚಾ ತರ್ತೀನಿ."

ನಾನು ಬೆನ್ನು ತಿರುಗಿಸಿ ಕೂಡಲು ಬಗ್ಗಿದೆ.

"ಕುಂಡ್ರಬ್ಯಾಡಾ!"

ಚೀರಿದವಳು ಕನಕಮ್ಮ. ನಾನು ಅರ್ಧಕ್ಕೇ ನಿಂತೆ. ಅವಳು ನನ್ನ ಹಿಂದೆ ಮಂಡಿಯೂರಿ ಕುಳಿತು ನೋಡುತ್ತಿದ್ದಳು. ನನ್ನ ಸೀರೆಯ ಹಿಂಭಾಗದಲ್ಲಿ, ಹೇಳಲು ನಾಚಿಕೆಯಾಗುವ ಜಾಗದಲ್ಲಿ, ಆ ಸೀಳಿನ ಕೆಸರು ರೊಟ್ಟಿಯಷ್ಟಗಲ, ಎರಡು ಬೆರಳು ದಪ್ಪ ಅಂಟಿಕೊಂಡಿತ್ತು! ಮೆಟ್ಟಿಲ ಮೇಲೆ ಹೆದರಿ ನಿಂತೇ ಇದ್ದವಳು, ದೋಣಿಯಲ್ಲಿ ಬೋರಲು ಬಿದ್ದವಳು. ಎಲ್ಲಿಯೂ ಉದುರಿರಲಿಲ್ಲ.

"ಕರದಾಗ ನೀ ಅದರಾಗ ಕುಂತಿದ್ದಿ" ಎಂದಳು. "ಅಂವ ಬಂದಾನಕ್ಕಾ. ನಿನ್ನ ಹಿಂದ ಬಂದಾನ. ಮನೀತನಾ ನೀ ಎಲ್ಲೂ ಕೂಡಂಗಿಲ್ಲ. ನೆಲಕ್ಕ ಇಳಸಬಾರದು."

"ಸೀರಿ ಬಿಚ್ಚಿ ಕೊಡ್ತೀನಿ, ಕೈಯಾಗ ಹಿಡಕೊಂಡು..."

"ಕೈಯಾಗ?" ಎಂದು ನನ್ನನ್ನು ನೋಡಿದಳು. "ಕೈಯಾಗ ಕೊಟ್ಟು ನೋಡೀನಿ. ಮಡಚಿದ್ರ ಉದರತೈತಿ. ಅಂಟಿದಲ್ಲೇ ಇರ್ಲಿ."

ನನ್ನ ಕೈಗಿಂತ ನನ್ನ ಕುಂಡೆಯ ಮೇಲೆ ಅವಳಿಗೆ ಭರವಸೆ ಹೆಚ್ಚು! ತಕರಾರು ಮಾಡುವ ಹಕ್ಕು ನನಗೆಲ್ಲಿತ್ತು? ಶಂಶಾದ್‌ಬೀ ತನ್ನ ಹಳೆಯ ದುಪಟ್ಟಾ ತಂದಳು. ಒಂದು ಕಣವೂ ಬೀಳದ ಹಾಗೆ ಇಬ್ಬರೂ ಸೇರಿ ನನ್ನ ಟೊಂಕಕ್ಕೆ ಸುತ್ತಿ, ಎತ್ತಿಗೆ ಜೂಲು ಕಟ್ಟಿದ ಹಾಗೆ ಕಟ್ಟಿದರು. ರಾತ್ರಿ ಬೋರಲು ಮಲಗಿದೆ.

ಬೆಳಿಗ್ಗೆ ಬಸ್ಸು. ಹುಬ್ಬಳ್ಳಿಯವರೆಗೆ ಸೀಟುಗಳು ಖಾಲಿ, ನಾನು ಕಂಬ ಹಿಡಿದು ನಿಂತಿದ್ದೆ.

"ಅಜ್ಜೀ, ಕೂಡ್ರಿ" ಎಂದ ಕಂಡಕ್ಟರ್.

"ಇರ್ಲಿ ಬಿಡಪಾ."

"ಪುಕ್ಕಟೆ ಟಿಕೆಟ್ ಅಂತ ನಾಚಿಕಿ ಏನು? ಸೀಟೂ ಪುಕ್ಕಟೆನ ಐತಿ, ಕೂಡ್ರಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಗದಗ ದಾಟಿದ ಮೇಲೆ ಕಾಲು ನಡುಗತೊಡಗಿತು. ಸೀಟಿನ ಮೇಲೆ ಹಿಂದುಮುಂದಾಗಿ ಮಂಡಿಯೂರಿ, ಗುಡಿಯ ಮುಂದಿನ ಬಸವಣ್ಣನ ಹಾಗೆ ಹಿಂದಿನ ಸೀಟಿನವನ ಮುಖವನ್ನೇ ನೋಡುತ್ತ ನಿಂತೆ. ಪಾಪ, ಅವನು ಎಷ್ಟು ಹೊತ್ತು ಸಹಿಸಿಯಾನು?

"ಮೂಲವ್ಯಾಧಿ ಏನಬೇ?" ಎಂದ ಮೆಲ್ಲಗೆ.

ಹೌದೆಂದು ತಲೆಯಾಡಿಸಿದೆ. ಮುಗಿಯಿತು! ಕೊಪ್ಪಳದವರೆಗೆ ಇಡೀ ಬಸ್ಸು ನನಗೆ ಔಷಧಿ ಹೇಳಿತು. ಒಬ್ಬ ಸುವರ್ಣಗಡ್ಡೆ ಎಂದ, ಒಬ್ಬಳು ಮಜ್ಜಿಗೆ ಎಂದಳು, ಮತ್ತೊಬ್ಬ ತನ್ನ ಮಾವನ ಕಥೆಯನ್ನು ವಿವರವಾಗಿ ಹೇಳಿದ. ಕನಕಮ್ಮ ಮಾತ್ರ ಕಿಟಕಿ ನೋಡಲಿಲ್ಲ, ನಿದ್ದೆ ಮಾಡಲಿಲ್ಲ. ಬಸ್ಸು ಕುಣಿದಾಗಲೆಲ್ಲ ನನ್ನ ಹಿಂದೆ ಅಂಗೈ ಒಡ್ಡುತ್ತಿದ್ದಳು, ಕೂಸು ಬೀಳದ ಹಾಗೆ ಹಿಡಿಯುವವಳಂತೆ.

ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಜವಳಗೇರಾದಲ್ಲಿ ಇಳಿದು ಮನೆಗೂ ಹೋಗದೆ ನೇರವಾಗಿ ಹೊಲಕ್ಕೆ ನಡೆದೆವು. ದ್ಯಾವಪ್ಪ ಕೋಲೂರಿ ಎದ್ದು ನಿಂತ. ನಮ್ಮಿಬ್ಬರ ಕೈ ನೋಡಿದ. ನಾಲ್ಕೂ ಕೈ ಖಾಲಿ. ಅವನ ಮುಖ ಇಳಿದುಹೋಯಿತು.

"ಎಲ್ಲಿ?"

"ಆಕಡೆ ತಿರುಗು" ಎಂದಳು ಕನಕಮ್ಮ.

ಅವನು ಏನೂ ತಿಳಿಯದೆ ತಿರುಗಿ ನಿಂತ. ಕನಕಮ್ಮ ದುಪಟ್ಟಾ ಬಿಚ್ಚಿ, ಕುಡುಗೋಲು ತೆಗೆದುಕೊಂಡು ನನ್ನ ಸೀರೆಯನ್ನು ದುಂಡಗೆ ಕತ್ತರಿಸತೊಡಗಿದಳು.

"ಹೊಸಾ ಸೀರಿಬೇ!"

"ನಿನ್ನ ಸೀರಿ ಹೋತು. ನನ್ನ ಮಗ ಬಂದ."

ಉಳಿದ ಸೀರೆಯ ಮೇಲೆ ದುಪಟ್ಟಾ ಸುತ್ತಿಕೊಂಡು ಮಾನ ಮುಚ್ಚಿಕೊಂಡೆ. ಕನಕಮ್ಮ ಆ ಕಪ್ಪು ಮಣ್ಣಿನ ತುಂಡನ್ನು ಎರಡೂ ಅಂಗೈಯಲ್ಲಿ ಹಿಡಿದು ದ್ಯಾವಪ್ಪನ ಮುಂದೆ ಒಡ್ಡಿದಳು. ಅವನು ಒಂದು ಬೆರಳಿನಿಂದ ಮುಟ್ಟಿದ, ಮೂಸಿ ನೋಡಿದ. ಎಲ್ಲಿತ್ತು ಎಂದು ಕೇಳಲಿಲ್ಲ. ದೇವರು ದೊಡ್ಡವನು. "ದುರುಗ್ಯಾ" ಎಂದ, ಅಷ್ಟೇ.

ಕುಣಿಯಲ್ಲಿ ಇಟ್ಟೆವು. ಮಣ್ಣು ಎಳೆದೆವು. ಮೇಲೆ ಕಲ್ಲು ನಿಲ್ಲಿಸಿದೆವು. ಕನಕಮ್ಮ ಕಲ್ಲನ್ನು ಸವರಿ, ಅಲ್ಲಿಯೇ ಕುಳಿತು, ಒಂದು ವರ್ಷ ತಡೆದಿಟ್ಟುಕೊಂಡಿದ್ದ ಅಳುವನ್ನು ಅತ್ತಳು. ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, "ಇನ್ನ ಕೂಡಕ್ಕಾ" ಎಂದಳು.

ಆ ಊರಿನಿಂದ ಈ ಊರಿನವರೆಗೆ ಯಾರಾದರೂ ಈ ಮಾತು ಹೇಳಿಯಾರೇ ಎಂದು ನಾನು ಕಾದಿದ್ದೆ. ಕೂಡಲು ಹೋದೆ. ಮೊಣಕಾಲು ಮಡಿಚಲಿಲ್ಲ! ಎಷ್ಟು ಬಗ್ಗಿದರೂ ಬಾವಿಯ ಕಂಬದ ಹಾಗೆ ನೆಟ್ಟಗೇ ನಿಂತಿವೆ. ಅವಳ ಪಕ್ಕದಲ್ಲಿ ಕುಳಿತು ಅವಳ ತಲೆ ಎದೆಗೊತ್ತಿಕೊಳ್ಳಬೇಕೆಂದು ಇಡೀ ದಾರಿ ನೆನೆದಿದ್ದವಳು ನಿಂತೇ ಅತ್ತೆ. ಅವಳು ನನ್ನ ಕಾಲು ತಬ್ಬಿಕೊಂಡಳು.

ದ್ಯಾವಪ್ಪನಿಗೆ ನನ್ನ ಮೇಲೆ ಕರುಣೆ ಹುಟ್ಟಿತು. "ತಗೋರಿ ಅತ್ತಿಗೆಮ್ಮಾ" ಎಂದು ತನ್ನ ಕೋಲನ್ನು ನನ್ನ ಕೈಗೆ ಕೊಟ್ಟ. ಕೊಟ್ಟ ಮೇಲೆ ತಾನು ನಿಲ್ಲುವುದು ಹೇಗೆ ಎಂದು ಯೋಚಿಸಿರಲಿಲ್ಲ. ದೊಪ್ಪನೆ ಹೆಂಡತಿಯ ಪಕ್ಕದಲ್ಲಿ ಕುಸಿದು, ಅವನೂ ಅಳತೊಡಗಿದ.

ಹೀಗೆ ಹೊತ್ತು ಮುಳುಗುವವರೆಗೆ ನಾವು ಮೂವರೂ ಅಲ್ಲಿಯೇ ಇದ್ದೆವು. ಇಬ್ಬರಿಗೆ ಏಳಲು ಬಾರದು, ಒಬ್ಬಳಿಗೆ ಕೂಡಲು ಬಾರದು!